ಗ್ರ್ಯಾನುಲೋಮಾಟಸ್ ಮಾಸ್ಟೈಟಿಸ್: ಕಾಯುವುದೇ, ಸ್ಟೀರಾಯ್ಡೇ, ಶಸ್ತ್ರಚಿಕಿತ್ಸೆಯೇ?

ಬಯಾಪ್ಸಿ ವರದಿಯಲ್ಲಿ ‘ಇಡಿಯೋಪಥಿಕ್ ಗ್ರ್ಯಾನುಲೋಮಾಟಸ್ ಮಾಸ್ಟೈಟಿಸ್’ (ಕಾರಣ ತಿಳಿಯದ, ಗಂಟು ಕಟ್ಟುವ ಸ್ತನದ ಉರಿಯೂತ) ಎಂದು ಓದಿದ ಮಹಿಳೆಗೆ ಮೊದಲು ಆಗುವುದು ಸಮಾಧಾನ, ಏಕೆಂದರೆ ಅದು ಕ್ಯಾನ್ಸರ್ ಅಲ್ಲ. ಆದರೆ ಗೊಂದಲ ಶುರುವಾಗುವುದು ಆಮೇಲೆ. ಶಸ್ತ್ರಚಿಕಿತ್ಸಕರೊಬ್ಬರು ಗಂಟನ್ನು ತೆಗೆದುಬಿಡೋಣ ಎನ್ನುತ್ತಾರೆ, ಇನ್ನೊಬ್ಬರು ಕೆಲವು ತಿಂಗಳ ಮಟ್ಟಿಗೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮಾತ್ರೆ ಬರೆದುಕೊಡುತ್ತಾರೆ, ಮತ್ತೊಬ್ಬರು ತಾನಾಗಿಯೇ ಇಳಿಯುತ್ತದೆ, ಕಾಯಿರಿ ಎನ್ನುತ್ತಾರೆ. ಕ್ಷಯದ ಮಾತ್ರೆಗಳನ್ನೇ ಆರಂಭಿಸೋಣ ಎನ್ನುವವರೂ ಉಂಟು. ಇವರಲ್ಲಿ ಒಬ್ಬರು ಸರಿ, ಉಳಿದವರೆಲ್ಲ ತಪ್ಪು ಎಂದು ತಿಳಿಯಬೇಕಿಲ್ಲ. ಈ ರೋಗದ ಮೇಲೆ ಇದುವರೆಗೆ ನಡೆದಿರುವ ಸಂಶೋಧನೆ ಇವರೆಲ್ಲರ ಮಾತಿಗೂ ಒಂದಿಷ್ಟು ಆಧಾರ ಕೊಡುತ್ತದೆ, ಯಾರ ಮಾತಿಗೂ ಪೂರ್ಣ ಆಧಾರ ಕೊಡುವುದಿಲ್ಲ. ಹಾಗಾಗಿ ಯಾವ ಚಿಕಿತ್ಸೆ ಅತ್ಯುತ್ತಮ ಎಂದು ಕೇಳುವುದಕ್ಕಿಂತ, ಸಮಯ, ಅಡ್ಡಪರಿಣಾಮ, ಗಾಯದ ಗುರುತು, ಮುಂದಿನ ಗರ್ಭಧಾರಣೆ ಇವುಗಳಲ್ಲಿ ಯಾವುದನ್ನು ಬಿಟ್ಟುಕೊಡಲು ನೀವು ಸಿದ್ಧರಿದ್ದೀರಿ ಎಂದು ಕೇಳಿಕೊಳ್ಳುವುದೇ ಹೆಚ್ಚು ಉಪಯುಕ್ತ ಎಂಬುದು ಈ ಬರಹದ ನಿಲುವು.

ಈ ರೋಗವನ್ನು 1972ರಲ್ಲಿ ಕೆಸ್ಲರ್ ಮತ್ತು ವೊಲಾಕ್ ಎಂಬ ವೈದ್ಯರು ಐವರು ರೋಗಿಗಳ ವಿವರಗಳೊಂದಿಗೆ ಮೊದಲ ಬಾರಿಗೆ ಪ್ರತ್ಯೇಕವಾಗಿ ಗುರುತಿಸಿದರು. ಹಾಲು ತಯಾರಿಸುವ ಗ್ರಂಥಿಗಳ ಸುತ್ತ ರೋಗನಿರೋಧಕ ಕೋಶಗಳು ಗುಂಪುಗೂಡಿ ಗ್ರ್ಯಾನುಲೋಮಾ ಎಂಬ ಸಣ್ಣ ಗಂಟುಗಳಾಗುತ್ತವೆ. ಹೊರಗಿನಿಂದ ನೋಡಿದರೆ ಒಂದು ಸ್ತನದಲ್ಲಿ ಗಟ್ಟಿಯಾದ, ನೋವಿರುವ ಗಡ್ಡೆ, ಕೆಂಪೇರಿದ ಚರ್ಮ, ಆಮೇಲೆ ಕೀವು, ಕೆಲವರಲ್ಲಿ ಚರ್ಮ ಒಡೆದು ವಾರಗಟ್ಟಲೆ ಸೋರುವ ರಂಧ್ರಗಳು ಕಾಣಿಸಿಕೊಳ್ಳುತ್ತವೆ. ಹೆಚ್ಚಾಗಿ ಇದು ಬರುವುದು ಮಕ್ಕಳನ್ನು ಹೆರುವ ವಯಸ್ಸಿನವರಿಗೆ, ಅದರಲ್ಲೂ ಕೊನೆಯ ಹೆರಿಗೆಯಾದ ಕೆಲವೇ ವರ್ಷಗಳೊಳಗೆ. ಕೆಲವರಿಗೆ ಜೊತೆಯಲ್ಲೇ ಕಾಲಿನ ಮೇಲೆ ನೋಯುವ ಕೆಂಪು ಗುಳ್ಳೆಗಳು, ಕೀಲುನೋವು ಬರುತ್ತವೆ. ಕಾರಣ ಇನ್ನೂ ಖಚಿತವಾಗಿಲ್ಲ. ನಾಳದಿಂದ ಹೊರಗೆ ಸೋರಿದ ಹಾಲಿನ ಅಂಶಕ್ಕೆ ದೇಹ ತೋರುವ ಅತಿಯಾದ ಪ್ರತಿಕ್ರಿಯೆ, ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನಿನ ಏರಿಕೆ, ಕೊರಿನೆಬ್ಯಾಕ್ಟೀರಿಯಂ ಕ್ರೊಪೆನ್‌ಸ್ಟೆಡ್ಟಿ ಎಂಬ ಬ್ಯಾಕ್ಟೀರಿಯಾ ಈ ಮೂರರ ಮೇಲೂ ಸಂಶೋಧಕರ ಕಣ್ಣಿದೆ. ಟರ್ಕಿ, ಇರಾನ್, ಚೀನಾ ಮತ್ತು ಭಾರತದಿಂದ ಬಂದ ವರದಿಗಳ ಸಂಖ್ಯೆ ಗಮನಾರ್ಹವಾಗಿದೆ. ಅಮೆರಿಕದಲ್ಲಿ ಲ್ಯಾಟಿನ್ ಅಮೆರಿಕ ಮೂಲದ ಮಹಿಳೆಯರಲ್ಲಿ ಇದು ಹೆಚ್ಚಾಗಿ ಕಂಡುಬಂದಿದೆ.

ಆಯ್ಕೆಗೆ ಮೊದಲು: ರೋಗ ಇದೇ ಎಂಬುದು ಖಚಿತವೇ?

ಚಿಕಿತ್ಸೆಗಳನ್ನು ಹೋಲಿಸುವ ಮೊದಲು ಈ ಪ್ರಶ್ನೆಗೆ ಉತ್ತರ ಸಿಗಬೇಕು, ಏಕೆಂದರೆ ಇಲ್ಲಿ ತಪ್ಪಿದರೆ ಮುಂದಿನ ಆಯ್ಕೆಗಳೆಲ್ಲವೂ ಅಪಾಯಕಾರಿಯಾಗುತ್ತವೆ. ಸ್ಕ್ಯಾನಿಂಗ್‌ನಲ್ಲಿ ಈ ರೋಗ ಕ್ಯಾನ್ಸರಿನಂತೆಯೇ ಕಾಣಬಹುದು. ಚರ್ಮ ಕೆಂಪಾಗಿ ಬಾತುಕೊಂಡಾಗ ಉರಿಯೂತದ ಸ್ತನ ಕ್ಯಾನ್ಸರ್ ಎಂಬ ಉಗ್ರ ಬಗೆಯನ್ನೂ ಹೋಲುತ್ತದೆ. ಆದ್ದರಿಂದ ದಪ್ಪ ಸೂಜಿಯಿಂದ ಅಂಗಾಂಶದ ಚೂರು ತೆಗೆಯುವ ಕೋರ್ ಬಯಾಪ್ಸಿ ಅನಿವಾರ್ಯ. ತೆಳು ಸೂಜಿಯಿಂದ ಕೋಶಗಳನ್ನಷ್ಟೇ ಹೀರಿ ನೋಡುವ ಪರೀಕ್ಷೆ ಅಗ್ಗವಾದರೂ ಈ ರೋಗದಲ್ಲಿ ಅದರ ಮೇಲಷ್ಟೇ ಭರವಸೆಯಿಟ್ಟು ತಿಂಗಳುಗಟ್ಟಲೆ ಚಿಕಿತ್ಸೆಗೆ ಇಳಿಯುವುದು ಸರಿಯಲ್ಲ.

ನಮ್ಮ ದೇಶದಲ್ಲಿ ಇನ್ನೂ ಒಂದು ತೊಡಕಿದೆ. ಕ್ಷಯವೂ ಗ್ರ್ಯಾನುಲೋಮಾವನ್ನೇ ಉಂಟುಮಾಡುತ್ತದೆ, ಸ್ತನಕ್ಕೂ ಬರುತ್ತದೆ, ಸೋರುವ ರಂಧ್ರಗಳನ್ನೂ ಮಾಡುತ್ತದೆ. ಗಂಟಿನ ನಡುಭಾಗ ಗಿಣ್ಣಿನಂತೆ ಕೊಳೆತಿದ್ದರೆ ಕ್ಷಯದ ಸಂಶಯ ಬಲವಾಗುತ್ತದೆ. ಹಾಗೆ ಕೊಳೆತಿಲ್ಲ ಎಂದಮಾತ್ರಕ್ಕೆ ಕ್ಷಯವಲ್ಲ ಎನ್ನಲಾಗದು. ಸೂಕ್ಷ್ಮದರ್ಶಕದಲ್ಲಿ ಕ್ಷಯದ ಕ್ರಿಮಿ ಕಾಣದಿರುವುದೂ ಸಾಮಾನ್ಯ. ಹೀಗಾಗಿ ಬಯಾಪ್ಸಿ ಚೂರಿನ ಒಂದು ಭಾಗವನ್ನು ಅಂಗಾಂಶ ಕೆಡದಂತೆ ಇಡುವ ಫಾರ್ಮಾಲಿನ್ ದ್ರಾವಣದಲ್ಲಿ ಹಾಕದೆ, ಕ್ರಿಮಿ ಬೆಳೆಸಿ ನೋಡುವ ಕಲ್ಚರ್‌ಗೂ ಕ್ಷಯದ ಕ್ರಿಮಿಯ ಜೀನ್ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೂ ಕಳಿಸಬೇಕೆಂದು ಬಯಾಪ್ಸಿಗೆ ಮೊದಲೇ ಕೇಳಿಕೊಳ್ಳುವುದು ಜಾಣತನ, ಏಕೆಂದರೆ ಇಡೀ ಚೂರು ಫಾರ್ಮಾಲಿನ್ ಸೇರಿದ ಮೇಲೆ ಅದರಿಂದ ಕ್ರಿಮಿಯನ್ನು ಬೆಳೆಸಿ ನೋಡುವ ದಾರಿ ಮುಚ್ಚಿಹೋಗುತ್ತದೆ. ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಡಿ ಕ್ಷಯದ ಪರೀಕ್ಷೆ, ಔಷಧ ಎರಡೂ ಉಚಿತ. ಕ್ಷಯವಿದ್ದು ಅದನ್ನು ಗುರುತಿಸದೆ ಸ್ಟೀರಾಯ್ಡ್ ಕೊಟ್ಟರೆ ರೋಗ ಹರಡುತ್ತದೆ. ಕ್ಷಯವಿಲ್ಲದವರಿಗೆ ಆರು ತಿಂಗಳು ಕ್ಷಯದ ಮಾತ್ರೆ ಕೊಟ್ಟರೆ ಯಕೃತ್ತಿಗೆ ವೃಥಾ ಹೊರೆಯಾಗುತ್ತದೆ. ಎರಡೂ ತಪ್ಪುಗಳು ಆಗದ ಸಂಗತಿಗಳೇನಲ್ಲ.

ಇದೇ ಹಂತದಲ್ಲಿ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಪ್ರಮಾಣವನ್ನು ನೋಡಿಸಿಕೊಳ್ಳಬೇಕು. ಅದು ಏರಿದ್ದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಣ್ಣ ಗಡ್ಡೆ ಕಾರಣವಾಗಿರಬಹುದು, ರಿಸ್ಪೆರಿಡೋನ್‌ನಂಥ ಮಾನಸಿಕ ಕಾಯಿಲೆಯ ಔಷಧ ಅಥವಾ ವಾಂತಿಗೆ ಕೊಡುವ ಡೊಂಪೆರಿಡೋನ್ ಕೂಡ ಕಾರಣವಾಗಿರಬಹುದು. ಮೂಲವನ್ನು ಸರಿಪಡಿಸದೆ ಸ್ತನಕ್ಕಷ್ಟೇ ಚಿಕಿತ್ಸೆ ಮಾಡಿದರೆ ರೋಗ ಮರುಕಳಿಸುವ ಸಾಧ್ಯತೆ ಉಳಿದೇ ಇರುತ್ತದೆ. ಮಾನಸಿಕ ಕಾಯಿಲೆಯ ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಬಾರದು. ಬೇರೆ ಮಾತ್ರೆಗೆ ಬದಲಿಸಲಾದೀತೇ ಎಂದು ಅದನ್ನು ಬರೆದ ವೈದ್ಯರನ್ನೇ ಕೇಳಬೇಕು.

ಯಾವ ಅಳತೆಗೋಲುಗಳಿಂದ ತೂಗಬೇಕು?

ಮೊದಲನೆಯದು ರೋಗದ ತೀವ್ರತೆ. ಸಣ್ಣ ಗಡ್ಡೆ ಮಾತ್ರ ಇರುವವರಿಗೂ, ಸ್ತನದ ಅರ್ಧಭಾಗ ಬಾತು ಎರಡು ಮೂರು ಕಡೆ ಕೀವು ಸೋರುತ್ತಿರುವವರಿಗೂ ಒಂದೇ ಸಲಹೆ ಹೊಂದುವುದಿಲ್ಲ. ಎರಡನೆಯದು ಗುಣವಾಗಲು ಹಿಡಿಯುವ ಕಾಲ. ಮೂರನೆಯದು ಮರುಕಳಿಸುವ ಸಾಧ್ಯತೆ. ಈ ಎರಡು ಹಲವು ಬಾರಿ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿರುತ್ತವೆ. ನಾಲ್ಕನೆಯದು ಮೊದಲೇ ಇರುವ ಕಾಯಿಲೆಗಳು: ಮಧುಮೇಹ, ರಕ್ತದೊತ್ತಡ, ಹೆಪಟೈಟಿಸ್ ಬಿ, ಖಿನ್ನತೆ. ಐದನೆಯದು ಹಾಲುಣಿಸುತ್ತಿರುವುದು ಅಥವಾ ಮತ್ತೊಂದು ಮಗುವಿನ ಯೋಚನೆ ಇರುವುದು. ಈ ರೋಗ ಬರುವ ವಯಸ್ಸನ್ನು ನೋಡಿದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಆಗಿದ್ದರೂ ಅದನ್ನು ಕೇಳುವುದು ಮರೆತುಹೋಗುವುದುಂಟು. ಸ್ತನದ ಆಕಾರ ಮತ್ತು ಗಾಯದ ಗುರುತನ್ನು ಸಣ್ಣ ವಿಷಯವೆಂದು ಯಾರೂ ತಳ್ಳಿಹಾಕಬಾರದು. ಕೊನೆಗೆ ಖರ್ಚು: ಇಲ್ಲಿ ಮಾತ್ರೆಯ ಬೆಲೆಗಿಂತ ಪದೇಪದೇ ಮಾಡಿಸಬೇಕಾದ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಊರಿನಿಂದ ಆಸ್ಪತ್ರೆಗೆ ಓಡಾಟ, ಕಳೆದುಹೋಗುವ ಕೂಲಿ ಇವೇ ದೊಡ್ಡವು.

ಇನ್ನೊಂದು ಅಳತೆಗೋಲು ರೋಗಿಗಳಿಗಿಂತ ಹೆಚ್ಚಾಗಿ ಸಂಶೋಧನೆಯನ್ನು ಓದುವವರಿಗೆ ಸಂಬಂಧಿಸಿದ್ದು, ಆದರೆ ಅದನ್ನು ತಿಳಿಯದೆ ಮುಂದಿನ ಯಾವ ಅಂಕಿಯೂ ಅರ್ಥವಾಗುವುದಿಲ್ಲ. ಗ್ರ್ಯಾನುಲೋಮಾಟಸ್ ಮಾಸ್ಟೈಟಿಸ್ ಹಲವರಲ್ಲಿ ಯಾವ ಚಿಕಿತ್ಸೆಯೂ ಇಲ್ಲದೆ ಕಾಲಾಂತರದಲ್ಲಿ ಇಳಿದುಹೋಗುವ ರೋಗ. ನೆಗಡಿ ಮದ್ದು ತೆಗೆದುಕೊಂಡರೆ ಏಳು ದಿನ, ಇಲ್ಲದಿದ್ದರೆ ಒಂದು ವಾರ ಎಂಬ ಮಾತು ಇದಕ್ಕೂ ಸ್ವಲ್ಪ ಮಟ್ಟಿಗೆ ಅನ್ವಯಿಸುತ್ತದೆ. ಹಾಗಿರುವಾಗ ಒಂದು ಆಸ್ಪತ್ರೆಯವರು ತಮ್ಮಲ್ಲಿಗೆ ಬಂದ ಮೂವತ್ತು ಜನರಿಗೆ ಒಂದು ಔಷಧ ಕೊಟ್ಟು, ವರ್ಷದೊಳಗೆ ಇಪ್ಪತ್ತೈದು ಜನ ಗುಣವಾದರು ಎಂದು ಬರೆದರೆ, ಆ ಗುಣದಲ್ಲಿ ಔಷಧದ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಬೇರ್ಪಡಿಸಬೇಕಾದರೆ ಔಷಧ ಪಡೆಯದ ಅಥವಾ ಬೇರೆ ಔಷಧ ಪಡೆದ ಇನ್ನೊಂದು ಗುಂಪು ಬೇಕು, ಯಾರು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗಬೇಕು. ಈ ರೋಗದ ಮೇಲಿನ ಅಧ್ಯಯನಗಳಲ್ಲಿ ಹೆಚ್ಚಿನವು ಹಾಗಿಲ್ಲ. ಹಳೆಯ ಕಡತಗಳನ್ನು ತಿರುವಿ ಬರೆದ, ಒಂದೇ ಆಸ್ಪತ್ರೆಯ, ಕೆಲವೇ ಡಜನ್ ರೋಗಿಗಳ ವರದಿಗಳೇ ಅಧಿಕ. ಅದೂ ಅಲ್ಲದೆ ಸೌಮ್ಯ ರೋಗದವರನ್ನು ಕಾಯಲು ಬಿಟ್ಟು, ಉಗ್ರ ರೋಗದವರಿಗೆ ಸ್ಟೀರಾಯ್ಡ್ ಕೊಟ್ಟು, ಒಂದೇ ಕಡೆ ಗಡ್ಡೆಯಿರುವವರನ್ನು ಶಸ್ತ್ರಚಿಕಿತ್ಸೆಗೆ ಆರಿಸಿಕೊಂಡಿರುವುದರಿಂದ ಮೂರರ ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ನೋಡುವುದೇ ಅನ್ಯಾಯ.

ಆಯ್ಕೆಗಳು

ಕಾಯುವುದು ಎಂದರೆ ಸುಮ್ಮನಿರುವುದಲ್ಲ. ನೋವಿಗೆ ಐಬುಪ್ರೊಫೇನ್ ಅಥವಾ ನ್ಯಾಪ್ರೊಕ್ಸೆನ್‌ನಂಥ ಮಾತ್ರೆ, ಕೀವು ತುಂಬಿದರೆ ಸೂಜಿಯಿಂದ ಹೀರಿ ತೆಗೆಯುವುದು, ನಿಗದಿತ ಅಂತರದಲ್ಲಿ ಸ್ಕ್ಯಾನಿಂಗ್ ಮಾಡಿಸುವುದು ಇವೆಲ್ಲ ಇದರೊಳಗೇ ಬರುತ್ತವೆ. 2005ರಲ್ಲಿ ಹಾಂಗ್‌ಕಾಂಗ್‌ನಿಂದ ಬಂದ ಒಂದು ವರದಿಯಲ್ಲಿ ಎಂಟು ಮಂದಿಯನ್ನು ಹೀಗೆ ನಿಗಾದಲ್ಲಿಟ್ಟಾಗ ಅರ್ಧದಷ್ಟು ಮಂದಿಗೆ ರೋಗ ತಾನಾಗಿ ಪೂರ್ತಿ ಇಳಿಯಿತು, ಅದಕ್ಕೆ ಸರಾಸರಿ 14.5 ತಿಂಗಳು ಹಿಡಿಯಿತು. ಉಳಿದರ್ಧ ಮಂದಿಯಲ್ಲಿ ರೋಗ ಇದ್ದಲ್ಲೇ ಇತ್ತು. 2015ರಲ್ಲಿ ಅಮೆರಿಕದಿಂದ ಬಂದ ಇನ್ನೊಂದು ವರದಿ ಇದಕ್ಕಿಂತ ದೊಡ್ಡದು, ಹೆಚ್ಚು ಆಶಾದಾಯಕ. ಅದರಲ್ಲಿ ಗುಣವಾಗಲು ಸರಾಸರಿ ಏಳು ತಿಂಗಳ ಆಸುಪಾಸು ಬೇಕಾಯಿತು. ಔಷಧದ ಅಡ್ಡಪರಿಣಾಮವಿಲ್ಲ, ಕತ್ತರಿಯ ಗಾಯವಿಲ್ಲ, ಖರ್ಚೂ ಕಡಿಮೆ. ಬದಲಿಗೆ ತೆರಬೇಕಾದದ್ದು ಕಾಲ, ಮತ್ತು ಆ ಕಾಲದುದ್ದಕ್ಕೂ ಇರುವ ನೋವು ಹಾಗೂ ಆತಂಕ. ಮನೆಯಲ್ಲಿ ಸಣ್ಣ ಮಗುವನ್ನು ಎತ್ತಿಕೊಳ್ಳಬೇಕಾದ ತಾಯಿಗೆ ಏಳು ತಿಂಗಳ ನೋವು ಕಾಗದದ ಮೇಲೆ ಕಾಣುವಷ್ಟು ಹಗುರವಲ್ಲ. ಗಡ್ಡೆ ಚಿಕ್ಕದಿದ್ದು, ಚರ್ಮ ಒಡೆಯದೆ, ನೋವು ತಡೆಯುವಂತಿದ್ದರೆ ಮೊದಲು ಇದನ್ನೇ ಪರಿಗಣಿಸಬೇಕೆಂದು ನನ್ನ ಎಣಿಕೆ. ಆದರೆ ತಪ್ಪದೆ ಮರಳಿ ಪರೀಕ್ಷೆಗೆ ಬರಲು ಸಾಧ್ಯವಿರುವವರಿಗೆ ಮಾತ್ರ ಇದು ಸುರಕ್ಷಿತ.

ಸ್ಟೀರಾಯ್ಡ್ ಮಾತ್ರೆಗಳ ಚರಿತ್ರೆ 1980ರಷ್ಟು ಹಳೆಯದು. ಆ ವರ್ಷ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ದೊಡ್ಡ ಪ್ರಮಾಣದ ಪ್ರೆಡ್ನಿಸೋನ್ ಬಳಸಬಹುದೆಂಬ ಸಲಹೆ ಪ್ರಕಟವಾಯಿತು. ಇಂದು ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.5ರಿಂದ 1 ಮಿಲಿಗ್ರಾಂ ಪ್ರೆಡ್ನಿಸೋಲೋನ್‌ನಿಂದ ಆರಂಭಿಸಿ ಕೆಲವು ವಾರಗಳಿಂದ ತಿಂಗಳುಗಳವರೆಗೆ ನಿಧಾನವಾಗಿ ಇಳಿಸುತ್ತಾರೆ. ನೋವು, ಕೆಂಪು, ಬಾವು ಬೇಗ ಇಳಿಯುವುದು ಇದರ ದೊಡ್ಡ ಬಲ. ಪ್ರಮಾಣ ಇಳಿಸುವಾಗ ಅಥವಾ ನಿಲ್ಲಿಸಿದ ಮೇಲೆ ರೋಗ ಮರಳುವುದು ಇದರ ದೊಡ್ಡ ದೌರ್ಬಲ್ಯ. 2017ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರ ಪ್ರಕಾರ ಸ್ಟೀರಾಯ್ಡ್ ಮಾತ್ರೆಯಿಂದ ಪೂರ್ಣ ಗುಣವಾದವರು ಶೇಕಡಾ 72ರ ಆಸುಪಾಸು, ಮರುಕಳಿಸಿದ್ದು ಸುಮಾರು ಶೇಕಡಾ 21 ಮಂದಿಯಲ್ಲಿ. ಮಾತ್ರೆಯ ಬೆಲೆ ಅತಿ ಕಡಿಮೆ; ನಿಜವಾದ ಬೆಲೆ ಬೇರೆ ರೂಪದಲ್ಲಿ ತೆರಬೇಕು. ತೂಕ ಏರುವುದು, ಮುಖ ದುಂಡಗಾಗುವುದು, ನಿದ್ದೆಗೆಡುವುದು, ಸಿಡುಕು, ರಕ್ತದ ಸಕ್ಕರೆ ಮತ್ತು ಒತ್ತಡದ ಏರಿಕೆ, ದೀರ್ಘಕಾಲದಲ್ಲಿ ಮೂಳೆ ಸವೆಯುವುದು. ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ್ದವರು ಇದನ್ನು ಹೇಳಲೇಬೇಕು. ಆರಾಮವಾಯಿತೆಂದು ಒಮ್ಮೆಲೇ ಮಾತ್ರೆ ಬಿಡುವುದು ಅಪಾಯ, ಏಕೆಂದರೆ ಅಷ್ಟರಲ್ಲಿ ದೇಹ ತನ್ನ ಸ್ವಂತ ಸ್ಟೀರಾಯ್ಡ್ ತಯಾರಿಕೆಯನ್ನು ತಗ್ಗಿಸಿರುತ್ತದೆ. ಹಾಲುಣಿಸುವ ತಾಯಂದಿರಿಗೆ ಪ್ರೆಡ್ನಿಸೋಲೋನ್ ಸಾಮಾನ್ಯವಾಗಿ ನಿಷಿದ್ಧವಲ್ಲ. ಪ್ರಮಾಣದ ಬಗ್ಗೆ ಮಕ್ಕಳ ವೈದ್ಯರನ್ನೂ ಕೇಳಿಕೊಳ್ಳಬಹುದು.

ಅಡ್ಡಪರಿಣಾಮದ ಈ ಭಾರವನ್ನು ತಗ್ಗಿಸಲು ಹುಟ್ಟಿದ ಯೋಚನೆಯೇ ಸ್ಟೀರಾಯ್ಡನ್ನು ನುಂಗದೆ ಮುಲಾಮಾಗಿ ಹಚ್ಚುವುದು. ಈ ರೋಗದ ಸಂಶೋಧನೆಯಲ್ಲಿ ಅಪರೂಪವೆನ್ನಬಹುದಾದ ಗಟ್ಟಿ ಕೆಲಸ ನಡೆದಿರುವುದೂ ಇಲ್ಲಿಯೇ. 2019ರಲ್ಲಿ ಟರ್ಕಿಯಿಂದ ಪ್ರಕಟವಾದ ಅಧ್ಯಯನವೊಂದರಲ್ಲಿ 124 ಮಂದಿಯನ್ನು ಯಾದೃಚ್ಛಿಕವಾಗಿ ಮೂರು ಗುಂಪು ಮಾಡಿ, ಒಂದಕ್ಕೆ ಮುಲಾಮು, ಇನ್ನೊಂದಕ್ಕೆ ಮಾತ್ರೆ, ಮೂರನೆಯದಕ್ಕೆ ಎರಡನ್ನೂ ಕೊಟ್ಟು ಹೋಲಿಸಿದರು. ಗುಣವಾಗುವುದರಲ್ಲಿ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮುಲಾಮಿನ ಗುಂಪಿನಲ್ಲಿ ಅಡ್ಡಪರಿಣಾಮ ಕಡಿಮೆಯಿತ್ತು, ಆದರೆ ಚಿಕಿತ್ಸೆ ಹೆಚ್ಚು ಕಾಲ ಹಿಡಿಯಿತು. ಇಷ್ಟು ಸ್ಪಷ್ಟವಾದ ವಿನಿಮಯ ಬೇರೆ ಯಾವ ಆಯ್ಕೆಯಲ್ಲೂ ಸಿಗುವುದಿಲ್ಲ: ತಾಳ್ಮೆ ಕೊಟ್ಟು ಸುರಕ್ಷತೆ ಪಡೆಯುವುದು. ಚರ್ಮದವರೆಗೂ ಬಂದಿರುವ ರೋಗಕ್ಕೆ ಇದು ಹೆಚ್ಚು ಹೊಂದುತ್ತದೆ. ಆಳದಲ್ಲಿರುವ ಗಡ್ಡೆಗೆ ಮುಲಾಮು ಎಷ್ಟರಮಟ್ಟಿಗೆ ತಲುಪೀತು ಎಂಬ ಸಂಶಯ ಸಹಜ. ಹಚ್ಚಿದ ಜಾಗದಲ್ಲಿ ಚರ್ಮ ತೆಳುವಾಗಬಹುದು. ಹಾಲುಣಿಸುತ್ತಿದ್ದರೆ ಮುಲಾಮು ಮಗುವಿನ ಬಾಯಿಗೆ ಹೋಗದಂತೆ ಎಚ್ಚರ ವಹಿಸಬೇಕು. ಔಷಧ ಅಂಗಡಿಯಲ್ಲಿ ಸಿಗುವ ಬಗೆಬಗೆಯ ಸ್ಟೀರಾಯ್ಡ್ ಮುಲಾಮುಗಳ ತೀವ್ರತೆ ಒಂದೇ ಅಲ್ಲವಾದ್ದರಿಂದ ಯಾವುದನ್ನು, ಎಷ್ಟು ದಿನ ಎಂಬುದು ಚೀಟಿಯಲ್ಲಿ ಬರೆದಂತೆಯೇ ನಡೆಯಬೇಕು.

ಇವೆರಡರ ನಡುವಿನ ದಾರಿ ಗಡ್ಡೆಯೊಳಕ್ಕೇ ಸ್ಟೀರಾಯ್ಡ್ ಚುಚ್ಚುವುದು. ಸ್ಕ್ಯಾನಿಂಗ್ ನೋಡುತ್ತ ಟ್ರಯಾಮ್ಸಿನೊಲೋನ್ ಅಥವಾ ಮಿಥೈಲ್‌ಪ್ರೆಡ್ನಿಸೊಲೋನ್ ಅನ್ನು ನೇರವಾಗಿ ರೋಗದ ಜಾಗಕ್ಕೆ ಹಾಕುತ್ತಾರೆ, ಕೆಲವು ವಾರಗಳ ಅಂತರದಲ್ಲಿ ಮತ್ತೆ ಹಾಕುತ್ತಾರೆ. ಟರ್ಕಿ ಮತ್ತು ಅಮೆರಿಕದಿಂದ 2020ರ ಆಸುಪಾಸಿನಲ್ಲಿ ಬಂದ ವರದಿಗಳು ಇದಕ್ಕೆ ಒಳ್ಳೆಯ ಫಲ ತೋರಿಸಿವೆ. ಚುಚ್ಚುಮದ್ದಿನ ಜೊತೆ ಮುಲಾಮನ್ನೂ ಸೇರಿಸಿದರೆ ಮಾತ್ರೆಗಿಂತ ಉತ್ತಮ ಎಂಬ ವಾದವೂ ಇದೆ. ಮಧುಮೇಹ ಇರುವವರಿಗೆ, ಮಾತ್ರೆಯಿಂದ ಈಗಾಗಲೇ ತೊಂದರೆ ಅನುಭವಿಸಿದವರಿಗೆ ಇದು ಆಕರ್ಷಕ, ಆದರೂ ಚುಚ್ಚಿದ ಸ್ಟೀರಾಯ್ಡಿನ ಒಂದಂಶ ರಕ್ತಕ್ಕೆ ಸೇರುವುದರಿಂದ ಮೊದಲ ದಿನಗಳಲ್ಲಿ ಸಕ್ಕರೆಯ ಮೇಲೆ ಕಣ್ಣಿಡಬೇಕು. ಇದನ್ನು ಚೆನ್ನಾಗಿ ಮಾಡಬಲ್ಲ ಕೈ ಮತ್ತು ಸ್ಕ್ಯಾನಿಂಗ್ ಯಂತ್ರ ಎರಡೂ ಒಂದೇ ಕಡೆ ಇರಬೇಕಾದದ್ದು ಇದರ ಮಿತಿ. ದೊಡ್ಡ ಊರಿನಲ್ಲಿರುವವರಿಗೆ ಅದು ತೊಡಕಲ್ಲ. ತಾಲ್ಲೂಕು ಕೇಂದ್ರದಲ್ಲಿರುವವರಿಗೆ ಪ್ರತಿ ಸಲವೂ ಒಂದು ದಿನದ ಪ್ರಯಾಣ.

ಮೆಥೊಟ್ರೆಕ್ಸೇಟ್ ಸಂಧಿವಾತದ ರೋಗಿಗಳಿಗೆ ಪರಿಚಿತ ಔಷಧ. ಸ್ಟೀರಾಯ್ಡ್ ಬಿಡಲಾಗದವರಿಗೆ, ಬಿಟ್ಟೊಡನೆ ರೋಗ ಮರಳುವವರಿಗೆ, ಕೀಲುನೋವು ಜೊತೆಗಿರುವವರಿಗೆ ಇದನ್ನು ಈ ಶತಮಾನದ ಆರಂಭದಿಂದ ಬಳಸುತ್ತ ಬಂದಿದ್ದಾರೆ, ಈಚೆಗೆ ಸ್ಟೀರಾಯ್ಡ್ ಇಲ್ಲದೆ ಇದೊಂದನ್ನೇ ಕೊಟ್ಟು ನೋಡಿದ ವರದಿಗಳೂ ಇವೆ. ವಾರಕ್ಕೆ ಒಮ್ಮೆ ಮಾತ್ರ, ಸಾಮಾನ್ಯವಾಗಿ 10ರಿಂದ 25 ಮಿಲಿಗ್ರಾಂ ಒಳಗೆ, ಜೊತೆಗೆ ಫೋಲಿಕ್ ಆಸಿಡ್. ವಾರಕ್ಕೊಮ್ಮೆಯ ಈ ಮಾತ್ರೆಯನ್ನು ತಪ್ಪು ತಿಳಿದು ದಿನವೂ ನುಂಗಿ ಜೀವ ಕಳೆದುಕೊಂಡವರಿದ್ದಾರೆ. ಆದ್ದರಿಂದ ವಾರದ ಯಾವ ದಿನ ಎಂಬುದನ್ನು ಚೀಟಿಯ ಮೇಲೆ ಕನ್ನಡದಲ್ಲೇ ಬರೆಸಿಕೊಳ್ಳಬೇಕು. ಕೆಲಸ ತೋರಿಸಲು ಒಂದೂವರೆಯಿಂದ ಮೂರು ತಿಂಗಳು ಬೇಕಾಗುವುದರಿಂದ ಆರಂಭದಲ್ಲಿ ಸ್ಟೀರಾಯ್ಡಿನ ಆಸರೆ ಬೇಕಾಗಬಹುದು. ರಕ್ತಕಣಗಳ ಎಣಿಕೆ ಮತ್ತು ಯಕೃತ್ತಿನ ಪರೀಕ್ಷೆ ಮೊದಮೊದಲು ಕೆಲವು ವಾರಗಳಿಗೊಮ್ಮೆ ಕಡ್ಡಾಯ. ಬಜೆಟ್ ಲೆಕ್ಕ ಹಾಕುವಾಗ ಮಾತ್ರೆಯನ್ನಲ್ಲ, ಈ ಪರೀಕ್ಷೆಗಳನ್ನು ಎಣಿಸಿ. ಗರ್ಭಕ್ಕೆ ಇದು ವಿಷ. ಗರ್ಭಿಣಿಯರು, ಹಾಲುಣಿಸುವವರು ಇದನ್ನು ಮುಟ್ಟುವಂತಿಲ್ಲ, ನಿಲ್ಲಿಸಿದ ಮೇಲೂ ಕೆಲವು ತಿಂಗಳು, ಎಚ್ಚರಿಕೆಯ ಲೆಕ್ಕದಲ್ಲಿ ಆರು ತಿಂಗಳು, ಗರ್ಭ ಧರಿಸಬಾರದು. ಮರುವರ್ಷವೇ ಮಗು ಬೇಕೆಂದಿರುವ ದಂಪತಿಗಳ ಮಟ್ಟಿಗೆ ಈ ಒಂದು ಸಂಗತಿಯೇ ಆಯ್ಕೆಯನ್ನು ತೀರ್ಮಾನಿಸಿಬಿಡುತ್ತದೆ.

ಆ್ಯಂಟಿಬಯೋಟಿಕ್‌ಗಳ ಕಥೆ ಸ್ವಲ್ಪ ಸಂಕೀರ್ಣ. ರೋಗ ಪತ್ತೆಯಾಗುವಷ್ಟರಲ್ಲಿ ಹೆಚ್ಚಿನವರು ಎರಡು ಮೂರು ಬಗೆಯ ಆ್ಯಂಟಿಬಯೋಟಿಕ್ ನುಂಗಿ ಮುಗಿಸಿರುತ್ತಾರೆ, ಫಲ ಕಂಡಿರುವುದಿಲ್ಲ. ಆದರೆ 2002ರಿಂದೀಚೆಗೆ ನ್ಯೂಜಿಲೆಂಡ್‌ನ ಸಂಶೋಧಕರು ಕೊರಿನೆಬ್ಯಾಕ್ಟೀರಿಯಂ ಮತ್ತು ಈ ರೋಗದ ನಂಟನ್ನು ಗುರುತಿಸಿದ ಮೇಲೆ ಚಿತ್ರ ಬದಲಾಗಿದೆ. ಕೊಬ್ಬನ್ನು ಅವಲಂಬಿಸಿ ಬೆಳೆಯುವ ಈ ಬ್ಯಾಕ್ಟೀರಿಯಾ ಸಾಮಾನ್ಯ ಕಲ್ಚರ್‌ನಲ್ಲಿ ಕಾಣದೆ ಹೋಗಬಹುದು. ಪ್ರಯೋಗಾಲಯಕ್ಕೆ ಮೊದಲೇ ತಿಳಿಸಿ ಹೆಚ್ಚು ದಿನ ಇಟ್ಟು ನೋಡಲು ಕೇಳಬೇಕು. ಪೆನಿಸಿಲಿನ್ ಜಾತಿಯ ಔಷಧಗಳು ಕೊಬ್ಬಿನಂಶ ತುಂಬಿದ ಗ್ರ್ಯಾನುಲೋಮಾದೊಳಗೆ ಚೆನ್ನಾಗಿ ಇಳಿಯುವುದಿಲ್ಲ. ಡಾಕ್ಸಿಸೈಕ್ಲಿನ್, ಕ್ಲಾರಿಥ್ರೊಮೈಸಿನ್, ರಿಫಾಂಪಿಸಿನ್ ಇಳಿಯುತ್ತವೆ. ಬ್ಯಾಕ್ಟೀರಿಯಾ ಖಚಿತವಾಗಿ ಸಿಕ್ಕವರಿಗೆ ಇವುಗಳ ದೀರ್ಘ ಚಿಕಿತ್ಸೆ ಸಮಂಜಸ. ಈಜಿಪ್ಟ್‌ನ ವೈದ್ಯರು ರಿಫಾಂಪಿಸಿನ್ ಒಂದನ್ನೇ ಕೊಟ್ಟು, ಚೀನಾದವರು ಕ್ಷಯದ ಎರಡು ಮೂರು ಔಷಧಗಳನ್ನು ಸೇರಿಸಿ ಕೊಟ್ಟು ಒಳ್ಳೆಯ ಫಲ ಕಂಡುದಾಗಿ ಬರೆದಿದ್ದಾರೆ. ಇಲ್ಲಿ ನನಗೆ ಬಲವಾದ ಆಕ್ಷೇಪವಿದೆ. ಕ್ಷಯ ವ್ಯಾಪಕವಾಗಿರುವ ನಾಡಿನಲ್ಲಿ ಪರೀಕ್ಷೆ ಪೂರ್ಣಗೊಳ್ಳದೆ ರಿಫಾಂಪಿಸಿನ್ ಒಂದನ್ನೇ ಕೊಡುವುದೆಂದರೆ, ಒಳಗೆ ಕ್ಷಯವಿದ್ದರೆ ಅದಕ್ಕೆ ಔಷಧ ನಿರೋಧ ಕಲಿಸಿಕೊಟ್ಟಂತೆ. ಅಲ್ಲದೆ ಈ ಔಷಧ ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನೂ, ಪ್ರೆಡ್ನಿಸೋಲೋನ್‌ನ ಪರಿಣಾಮವನ್ನೂ ತಗ್ಗಿಸುತ್ತದೆ. ಎರಡನ್ನೂ ಒಟ್ಟಿಗೆ ಬರೆದಿದ್ದರೆ ಅದರ ಬಗ್ಗೆ ವಿಚಾರಿಸಿ. ಮೂತ್ರ ಕೇಸರಿ ಬಣ್ಣಕ್ಕೆ ತಿರುಗುವುದು ಮಾತ್ರ ನಿರಪಾಯಕಾರಿ.

ಶಸ್ತ್ರಚಿಕಿತ್ಸೆಯ ಅಂಕಿಗಳು ನೋಡಲು ಬಹಳ ಚೆನ್ನಾಗಿವೆ. ಮೇಲೆ ಹೇಳಿದ 2017ರ ವಿಶ್ಲೇಷಣೆಯಲ್ಲೇ ಗುಣವಾದವರು ಸುಮಾರು ಶೇಕಡಾ 90, ಮರುಕಳಿಸಿದ್ದು ಸುಮಾರು ಶೇಕಡಾ 7. ಆದರೆ ಕತ್ತರಿಸಿ ತೆಗೆದ ಗಡ್ಡೆ ಆ ಕ್ಷಣಕ್ಕೇ ‘ಗುಣವಾದ’ ಲೆಕ್ಕಕ್ಕೆ ಸೇರುತ್ತದೆ, ಕಾಯುತ್ತಿರುವವರು ಅದೇ ಲೆಕ್ಕಕ್ಕೆ ಸೇರಲು ವರ್ಷ ಹಿಡಿಯುತ್ತದೆ. ಒಂದೇ ಕಡೆ ಸ್ಪಷ್ಟ ಅಂಚಿರುವ ಗಡ್ಡೆಯವರನ್ನೇ ಮೇಜಿಗೆ ಆರಿಸಿಕೊಂಡಿರುತ್ತಾರೆ ಎಂಬುದನ್ನೂ ನೆನಪಿಡಬೇಕು. ರೋಗದ ಭಾಗವನ್ನು ಸುತ್ತಲಿನ ಆರೋಗ್ಯವಂತ ಅಂಚಿನ ಸಮೇತ ಪೂರ್ತಿ ತೆಗೆಯುವುದು ಒಂದು, ಕೀವಿಗಾಗಿ ಚರ್ಮ ಸೀಳಿ ಬಿಡುವುದು ಇನ್ನೊಂದು. ಎರಡನೆಯದರಿಂದ ಗಾಯ ಮಾಯದೆ ತಿಂಗಳುಗಟ್ಟಲೆ ಸೋರುವ ಸಾಧ್ಯತೆ ಇರುವುದರಿಂದ, ಕೀವನ್ನು ಸಾಧ್ಯವಾದಷ್ಟೂ ಸೂಜಿಯಿಂದಲೇ ತೆಗೆಯಬೇಕೆಂಬ ಅಭಿಪ್ರಾಯ ಬಲಗೊಂಡಿದೆ. ಉರಿಯೂತ ಉರಿಯುತ್ತಿರುವಾಗಲೇ ದೊಡ್ಡ ಶಸ್ತ್ರಚಿಕಿತ್ಸೆ ಮಾಡಿದರೆ ತೆಗೆಯಬೇಕಾದ ಭಾಗವೂ ದೊಡ್ಡದಾಗುತ್ತದೆ. ಮೊದಲು ಸ್ಟೀರಾಯ್ಡಿನಿಂದ ಗಡ್ಡೆಯನ್ನು ಕುಗ್ಗಿಸಿ, ಉಳಿದದ್ದನ್ನು ತೆಗೆಯುವ ಜೋಡಿ ಕ್ರಮಕ್ಕೆ ಒಲವು ಬಂದಿರುವುದು ಈ ಕಾರಣಕ್ಕೆ. ಇಡೀ ಸ್ತನವನ್ನೇ ತೆಗೆಯಬೇಕೆಂದು ಯಾರಾದರೂ ಹೇಳಿದರೆ, ಕ್ಯಾನ್ಸರ್ ಅಲ್ಲದ ಈ ರೋಗಕ್ಕೆ ಅಷ್ಟು ದೂರ ಹೋಗುವುದು ಅತಿ ವಿರಳವಾಗಿ ಮಾತ್ರ ಅಗತ್ಯವಾದ್ದರಿಂದ, ಎರಡನೆಯ ಅಭಿಪ್ರಾಯವಿಲ್ಲದೆ ಒಪ್ಪಬಾರದು.

ಖರ್ಚಿನ ದೃಷ್ಟಿಯಿಂದ ಶಸ್ತ್ರಚಿಕಿತ್ಸೆ ವಿಚಿತ್ರ ಸ್ಥಾನದಲ್ಲಿದೆ. ನಿಜವಾದ ವೆಚ್ಚ ಇದರದೇ ಹೆಚ್ಚು, ಆದರೂ ಹೆಚ್ಚಿನ ಆರೋಗ್ಯ ವಿಮೆಗಳು ಆಸ್ಪತ್ರೆಗೆ ದಾಖಲಾದಾಗಿನ ಖರ್ಚನ್ನೇ ಮುಖ್ಯವಾಗಿ ಭರಿಸುವುದರಿಂದ, ತಿಂಗಳುಗಟ್ಟಲೆ ಹೊರರೋಗಿಯಾಗಿ ಔಷಧ ಪಡೆಯುವುದಕ್ಕಿಂತ ಕತ್ತರಿಸಿಕೊಳ್ಳುವುದೇ ಕುಟುಂಬದ ಜೇಬಿಗೆ ಅಗ್ಗವಾಗಿ ಕಾಣಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಫಲಾನುಭವಿಗಳು ತಮಗೆ ಹೇಳಿರುವ ಶಸ್ತ್ರಚಿಕಿತ್ಸೆ ಯೋಜನೆಯಡಿ ಬರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು, ಆದರೆ ವಿಮೆ ಸಿಗುತ್ತದೆಂಬುದು ಶಸ್ತ್ರಚಿಕಿತ್ಸೆಗೆ ವೈದ್ಯಕೀಯ ಕಾರಣವಾಗುವುದಿಲ್ಲ.

ಉಳಿದವುಗಳ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಪ್ರೊಲ್ಯಾಕ್ಟಿನ್ ಏರಿದವರಿಗೆ ಅದನ್ನು ತಗ್ಗಿಸುವ ಕ್ಯಾಬರ್ಗೋಲಿನ್ ಅಥವಾ ಬ್ರೊಮೊಕ್ರಿಪ್ಟಿನ್ ಉಪಯುಕ್ತ, ಆದರೆ ಅವು ಎದೆಹಾಲನ್ನು ನಿಲ್ಲಿಸುತ್ತವೆ. ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಅಜಥಯೋಪ್ರಿನ್, ಹೈಡ್ರಾಕ್ಸಿಕ್ಲೋರೋಕ್ವಿನ್, ಅಡಾಲಿಮುಮಾಬ್ ಮೊದಲಾದ ಔಷಧಗಳ ವರದಿಗಳು ಬೆರಳೆಣಿಕೆಯ ರೋಗಿಗಳದ್ದು. ಇವು ಮೇಲಿನವುಗಳೆಲ್ಲ ಸೋತಾಗ ತಜ್ಞರ ಕೈಯಲ್ಲಿ ಮಾತ್ರ.

ಯಾರಿಗೆ ಯಾವುದು?

ಸಣ್ಣ ಗಡ್ಡೆ, ತಡೆಯಬಲ್ಲ ನೋವು, ಹಾಲುಣಿಸುತ್ತಿರುವ ತಾಯಿ ಎಂದಾದರೆ ಕಾಯುವುದು ಅಥವಾ ಮುಲಾಮು ಮೊದಲ ಸ್ಥಾನಕ್ಕೆ ಬರುತ್ತವೆ. ಒಂದೇ ಕಡೆ ಗಡ್ಡೆಯಿದ್ದು ಮಧುಮೇಹವೂ ಇದ್ದರೆ ಗಡ್ಡೆಯೊಳಗಿನ ಚುಚ್ಚುಮದ್ದನ್ನು, ಅದು ಲಭ್ಯವಿಲ್ಲದಿದ್ದರೆ ಮುಲಾಮನ್ನು ಆರಿಸುವುದಕ್ಕೆ ಕಾರಣವಿದೆ. ನೋವು ತೀವ್ರವಾಗಿ ದಿನಗೆಲಸಕ್ಕೂ ಹೋಗಲಾಗದವರು, ಕೂಲಿಯೇ ಆಧಾರವಾಗಿರುವವರು ಬೇಗ ಆರಾಮ ಕೊಡುವ ಸ್ಟೀರಾಯ್ಡ್ ಮಾತ್ರೆಯನ್ನು ಆರಿಸಿದರೆ ಅದು ಅವಿವೇಕವಲ್ಲ. ಕ್ಷಯ ಇಲ್ಲವೆಂದು ಖಚಿತವಾಗಿ, ಮಾತ್ರೆಯನ್ನು ಕ್ರಮವಾಗಿ ಇಳಿಸುವ ವೇಳಾಪಟ್ಟಿ ಮೊದಲೇ ಕೈಯಲ್ಲಿದ್ದರೆ ಸಾಕು. ಎರಡು ಬಾರಿ ಸ್ಟೀರಾಯ್ಡ್ ಮುಗಿಸಿಯೂ ರೋಗ ಮರಳಿದ್ದು, ಸದ್ಯಕ್ಕೆ ಮಕ್ಕಳ ಯೋಚನೆ ಇಲ್ಲದಿದ್ದರೆ ಮೆಥೊಟ್ರೆಕ್ಸೇಟ್‌ಗಾಗಿ ಸಂಧಿವಾತ ತಜ್ಞರನ್ನು ಕಾಣುವ ಸಮಯ ಬಂದಿದೆ. ಮಕ್ಕಳ ಯೋಚನೆ ಇದ್ದರೆ ಮತ್ತು ಉಳಿದ ಗಡ್ಡೆ ಚಿಕ್ಕದಾಗಿ ಒಂದೇ ಕಡೆ ಇದ್ದರೆ ಶಸ್ತ್ರಚಿಕಿತ್ಸೆಯ ತೂಕ ಏರುತ್ತದೆ. ಎರಡೂ ಸ್ತನಗಳಲ್ಲಿ ಅಥವಾ ಹಲವು ಕಡೆ ರೋಗ ಹರಡಿದ್ದರೆ ಶಸ್ತ್ರಚಿಕಿತ್ಸೆ ಮೊದಲ ಆಯ್ಕೆಯಾಗಲು ಹೊಂದುವುದಿಲ್ಲ. ಯಾವುದನ್ನೇ ಆರಿಸಿದರೂ, ಎಷ್ಟು ತಿಂಗಳಲ್ಲಿ ಎಷ್ಟು ಇಳಿಯದಿದ್ದರೆ ದಾರಿ ಬದಲಿಸುತ್ತೇವೆ ಎಂಬುದನ್ನು ವೈದ್ಯರೊಡನೆ ಆರಂಭದಲ್ಲೇ ಮಾತಾಡಿಕೊಳ್ಳಬೇಕು. ಗಡ್ಡೆ ಬೆಳೆಯುತ್ತಲೇ ಹೋದರೆ ಹಳೆಯ ಬಯಾಪ್ಸಿ ವರದಿಯನ್ನೇ ನಂಬಿ ಕೂರದೆ ಮತ್ತೊಮ್ಮೆ ಬಯಾಪ್ಸಿ ಮಾಡಿಸುವುದು ಲೇಸು.

ಸಂಶೋಧನೆಯಲ್ಲಿ ಭಾಗವಹಿಸುವುದೂ ಒಂದು ಆಯ್ಕೆಯೇ. ಭಾರತದಲ್ಲಿ ನಡೆಯುವ ಚಿಕಿತ್ಸಾ ಪ್ರಯೋಗಗಳನ್ನು ‘ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾ’ದಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯವಾಗಿದೆ, ಯಾರು ಬೇಕಾದರೂ ಅದರಲ್ಲಿ ರೋಗದ ಹೆಸರು ಕೊಟ್ಟು ಹುಡುಕಬಹುದು. ಪ್ರಯೋಗಕ್ಕೆ ಸೇರಿದರೆ ಪರೀಕ್ಷೆಗಳ ಖರ್ಚನ್ನು ಯ‍ಾರು ಭರಿಸುತ್ತಾರೆ, ನಾನು ಬಯಸದ ಗುಂಪಿಗೆ ನನ್ನ ಹೆಸರು ಬಂದರೆ ಏನು, ರೋಗ ಹೆಚ್ಚಾದರೆ ಬೇರೆ ಚಿಕಿತ್ಸೆಗೆ ಬದಲಿಸುತ್ತೀರಾ, ಪ್ರಯೋಗದ ನಡುವೆ ಗರ್ಭಿಣಿಯಾದರೆ ಏನು ಮಾಡುತ್ತೀರಿ ಎಂಬ ನಾಲ್ಕು ಪ್ರಶ್ನೆಗಳಿಗೆ ಸಹಿ ಹಾಕುವ ಮೊದಲೇ ಉತ್ತರ ಪಡೆಯಬೇಕು. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದರ ಒಂದು ಪ್ರತಿ ನಿಮ್ಮ ಬಳಿ ಉಳಿಯಬೇಕು, ಮತ್ತು ಕಾರಣ ಹೇಳದೆ ಯಾವಾಗ ಬೇಕಾದರೂ ಹೊರಬರುವ ಹಕ್ಕು ನಿಮಗಿದೆ. ಹೊರಬಂದ ಕಾರಣಕ್ಕೆ ಅದೇ ಆಸ್ಪತ್ರೆಯಲ್ಲಿ ನಿಮಗೆ ಸಿಗಬೇಕಾದ ಸಾಮಾನ್ಯ ಚಿಕಿತ್ಸೆಯನ್ನು ಯಾರೂ ನಿರಾಕರಿಸುವಂತಿಲ್ಲ.